ಯಾವ ಬಾಯಲ್ಲಿ ಮಗನಿಗೆ ಬುದ್ಧಿ ಹೇಳಲಿ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ನಮ್ಮ ವಾಸ. ಯಜಮಾನರು ತೋಟದ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಾರೆ. ಮಾವನವರಿಗೆ ಎಲೆ ಅಡಿಕೆ, ಹೊಗೆಸೊಪ್ಪು ಇಲ್ಲದೆ ಆಗುವುದಿಲ್ಲ. ಮೊನ್ನೆ ಒಂಬತ್ತನೇ ಕ್ಲಾಸಿನ ಮಗನ ಯೂನಿಫಾರ್ಮ್ ಒಗೆಯುವಾಗ ಜೇಬಿನಲ್ಲಿ ಅರ್ಧ ಸೇದಿ ನಂದಿಸಿದ ಸಿಗರೇಟು ಸಿಕ್ಕಿತು. ಇವರಿಗೆ ಹೇಳಿದರೆ, "ನಾನೇ ಸೇದ್ತೀನಿ, ಯಾವ ಬಾಯಲ್ಲಿ ಅವನಿಗೆ ಬುದ್ಧಿ ಹೇಳ್ಲಿ?" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅದೇ ಬಾಯಲ್ಲಿ ಹೇಳಲಿ. "ನಿನ್ನ ವಯಸ್ಸಲ್ಲೇ ಶುರು ಮಾಡಿದೆ, ಈಗ ಬಿಡೋಕೆ ಆಗ್ತಿಲ್ಲ, ಬೆಳಿಗ್ಗೆ ನಾನು ಕೆಮ್ಮೋದು ನಿನಗೂ ಕೇಳುತ್ತಲ್ಲ" ಎಂದು ಅಪ್ಪ ಒಪ್ಪಿಕೊಂಡರೆ, ಶಾಲೆಯ ಹತ್ತು ಭಾಷಣಕ್ಕಿಂತ ಅದು ಹುಡುಗನಿಗೆ ಹೆಚ್ಚು ತಾಗುತ್ತದೆ. ಅಪ್ಪ ಸುಮ್ಮನಿದ್ದರೆ 'ಇದಕ್ಕೆ ಮನೆಯಲ್ಲಿ ಅಡ್ಡಿಯಿಲ್ಲ' ಎಂದೇ ಅವನು ತಿಳಿಯುತ್ತಾನೆ.

ಈಗ ನನ್ನದೊಂದು ಪ್ರಶ್ನೆ. ಮನೆಗೆ ಸಿಗರೇಟು ತರಲು ಅಂಗಡಿಗೆ ಹೋಗುವವರು ಯಾರು? ಮಾವನವರ ಎಲೆ ಅಡಿಕೆ ತಟ್ಟೆ ಜೋಡಿಸುವವರು ಯಾರು? ನನ್ನ ಬಳಿ ಬರುವ ಮನೆಗಳಲ್ಲಿ ಸಾಮಾನ್ಯವಾಗಿ ಉತ್ತರ ಒಂದೇ, ಮಗು. ರಾಜ್ಯದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಆದರೆ "ಅಪ್ಪಂಗೆ" ಅಂದರೆ ಗುರುತಿನ ಅಂಗಡಿಯವರು ಕೊಟ್ಟುಬಿಡುತ್ತಾರೆ, ಅಲ್ವಾ? ದೇಶದ ಶಾಲಾ ಮಕ್ಕಳ ಬಗ್ಗೆ 2019ರಲ್ಲಿ ನಡೆದ ಸಮೀಕ್ಷೆಯಲ್ಲಿ 13ರಿಂದ 15 ವರ್ಷದವರಲ್ಲಿ ಶೇ 8.5 ಮಂದಿ ತಂಬಾಕು ಬಳಸುತ್ತಿದ್ದರು. ಜಗಿಯುವ ತಂಬಾಕಿನ ರುಚಿ ಕಂಡಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹತ್ತು ವರ್ಷ ತುಂಬುವ ಮೊದಲೇ ಅದನ್ನು ಬಾಯಿಗೆ ಹಾಕಿದ್ದರು. ಅಷ್ಟು ಚಿಕ್ಕವರ ಕೈಗೆ ಅದು ಮನೆಯ ಸುತ್ತಮುತ್ತಲೇ ಸಿಕ್ಕಿರಬೇಕು ಎಂದು ನನ್ನ ಅಂದಾಜು.

ನಮ್ಮ ಕಡೆ ಇನ್ನೂ ಒಂದು ವಿಷಯ ಇದೆ. ಮಳೆಗಾಲದಲ್ಲಿ ಜಿಗಣೆಗೆಂದು ಹೊಗೆಸೊಪ್ಪು, ಸುಣ್ಣ ಹಿತ್ತಿಲ ಬಾಗಿಲಲ್ಲೇ ಇರುತ್ತದೆ. ಉಪ್ಪಿನ ಹಾಗೆ, ಸೋಪಿನ ಹಾಗೆ ಅದೂ ಮನೆಯ ಒಂದು ಸಾಮಾನು. ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೂ ಅದನ್ನು ಅಲ್ಲಿಂದ ತೆಗೆಯಿರಿ. ಜಿಗಣೆಗೆ ಉಪ್ಪೇ ಸಾಕು.

ಜೂನ್‌ನಿಂದ ಆಗಸ್ಟ್‌ವರೆಗೆ ಕಿಟಕಿ ಬಾಗಿಲು ಹಾಕಿಕೊಂಡೇ ಇರುತ್ತೀರಿ. ಮಳೆಯಲ್ಲಿ ಹೊರಗೆ ಹೋಗಲು ಬೇಸರ, ಹಾಗಾಗಿ ಹಾಲ್‌ನಲ್ಲೇ ಸಿಗರೇಟು. ಕಿಟಕಿ ಸ್ವಲ್ಪ ತೆರೆದರೂ ಹೊಗೆ ಪೂರ್ತಿ ಹೋಗುವುದಿಲ್ಲ. ಹಾಸಿಗೆ, ಪರದೆಗೂ ಹತ್ತುತ್ತದೆ. ಮಗನಿಗೆ ಆ ವಾಸನೆಯೇ ಮನೆಯ ವಾಸನೆ ಆಗಿಬಿಡುತ್ತದೆ. ಹೆತ್ತವರು ಸೇದುವ ಮನೆಯ ಮಕ್ಕಳು ತಾವೂ ಶುರು ಮಾಡುವ ಸಾಧ್ಯತೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅಣ್ಣನೋ ಅಕ್ಕನೋ ಸೇದಿದರೂ ಹಾಗೆಯೇ. ಆದ್ದರಿಂದ ಯಜಮಾನರು ಇವತ್ತೇ ಸಿಗರೇಟು ಬಿಡಲಾರದಿದ್ದರೂ 'ಮನೆಯೊಳಗೆ ಯಾರೂ ಸೇದುವಂತಿಲ್ಲ' ಎಂಬ ಮಾತನ್ನು ಇವತ್ತೇ ಜಾರಿಗೆ ತರಲಿ. ನೆಂಟರು ಬಂದರೂ ಅಷ್ಟೇ. ಛತ್ರಿ ಕೊಟ್ಟು ಹೊರಗೆ ಕಳಿಸಿ!

ಮಗನನ್ನು ನಾಲ್ಕು ಜನರ ಎದುರು ವಿಚಾರಿಸಬೇಡಿ. ಹೊಡೆದರೆ ಸಿಗರೇಟಿನ ಜಾಗ ಬದಲಾಗುತ್ತದೆ ಅಷ್ಟೇ, ಜೇಬಿನಿಂದ ಕಾಫಿ ಗಿಡದ ಬುಡಕ್ಕೆ. ಅಪ್ಪನೇ ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಲಿ. ಯಾವಾಗಿನಿಂದ, ಯಾರ ಜೊತೆ, ಎಲ್ಲಿಂದ ಸಿಕ್ಕಿತು ಎಂದು ಕೇಳಲಿ. ಉತ್ತರ "ನಿಮ್ಮ ಪ್ಯಾಕೆಟ್‌ನಿಂದಲೇ" ಎಂದು ಬರಬಹುದು. ಆಗ ಸಿಟ್ಟು ಮಾಡಿಕೊಳ್ಳಬಾರದು. ಈಗಷ್ಟೇ ಶುರುವಾಗಿದ್ದರೆ ಬಿಡಿಸುವುದು ಕಷ್ಟವಲ್ಲ.

ಯಜಮಾನರು ಸಿಗರೇಟು ಬಿಡಲು ಹೊರಟರೆ ಮೊದಲ ಎರಡು ಮೂರು ದಿನವೇ ಬಹಳ ಕಷ್ಟ. ಸಿಡುಕು, ತಲೆನೋವು, ನಿದ್ದೆ ಬಾರದಿರುವುದು, ಎಲ್ಲ ಬರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಶುರು ಮಾಡಬೇಡಿ. ತಂಬಾಕು ಬಿಡಲು ಸಹಾಯವಾಣಿ ಇದೆ, 1800-11-2356, ಕರೆಗೆ ದುಡ್ಡಿಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಮಾವನವರ ಹೊಗೆಸೊಪ್ಪಿನ ಬಗ್ಗೆ ಜಗಳ ಬೇಡ. ಮೊಮ್ಮಗನ ಕೈಯಲ್ಲಿ ತಟ್ಟೆ ತರಿಸಬೇಡಿ ಎಂದಷ್ಟೇ ಕೇಳಿಕೊಳ್ಳಿ. ಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಹುಡುಗನಿಗೆ ಅದರ ಚೂರೂ ಬೇಡ.

ಪ್ರಶ್ನೆ: ಮೈಸೂರಿನಲ್ಲಿ ಓದುತ್ತಿದ್ದೇನೆ. ಸಿಗರೇಟು ಬಿಟ್ಟು ಎರಡು ತಿಂಗಳಾಯಿತು. ಹುತ್ತರಿ ಹಬ್ಬಕ್ಕೆ ವಿರಾಜಪೇಟೆಗೆ ಹೋದರೆ ಚಿಕ್ಕಪ್ಪನ ಮಕ್ಕಳು "ಒಂದೇ ಒಂದು" ಎಂದು ಬಲವಂತ ಮಾಡುತ್ತಾರೆ. ತಪ್ಪಿಸಿಕೊಳ್ಳುವುದು ಹೇಗೆ?

ಉತ್ತರ: ಆ ಒಂದೇ ಒಂದು ಅಲ್ಲಿಗೇ ನಿಲ್ಲುವುದು ಅಪರೂಪ. "ಬೇಡ" ಅನ್ನಿ, ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ. ಅವರಲ್ಲಿ ಒಬ್ಬನಿಗೆ ಮೊದಲೇ ಫೋನ್ ಮಾಡಿ ಹೇಳಿಟ್ಟಿರಿ. ಆಸೆ ಬಂದರೂ ಕೆಲವು ನಿಮಿಷದಲ್ಲಿ ತಗ್ಗುತ್ತದೆ. ಅಷ್ಟು ಹೊತ್ತು ಅಜ್ಜಿಯ ಪಕ್ಕ ಹೋಗಿ ಕುಳಿತುಬಿಡಿ. ಅವರೆದುರು ಪ್ಯಾಕೆಟ್ ತೆಗೆಯುವ ಧೈರ್ಯ ನಿಮ್ಮ ಅಣ್ಣತಮ್ಮಂದಿರಿಗೆ ಇದೆಯೇ?