ಕ್ಯಾಲ್ಕುಲಸ್ ಪುಸ್ತಕ ಕೊಳ್ಳುವ ಮೊದಲು

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿರುವ ಮಗಳ ಕ್ಯಾಲ್ಕುಲಸ್ ಪುಸ್ತಕಕ್ಕೆ 200 ಡಾಲರ್ ಸುರಿಯಲೇಬೇಕಾ ಅಂತ ಕೇಳಿದ್ದೀರಲ್ಲ, ಸ್ವಲ್ಪ ತಡೆಯಿರಿ ಸರ್. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದವರು ನಡೆಸುವ ಓಪನ್‌ಸ್ಟ್ಯಾಕ್ಸ್ ಅನ್ನೋ ಪಠ್ಯಪುಸ್ತಕಗಳ ವೆಬ್‌ಸೈಟಿನಲ್ಲಿ ಕ್ಯಾಲ್ಕುಲಸ್‌ನ ಮೂರೂ ಸಂಪುಟ ಪುಕ್ಕಟೆ ಸಿಗುತ್ತವೆ. ಪಿಡಿಎಫ್ ಇಳಿಸಿಕೊಂಡು ಬೇಕಾದ ಅಧ್ಯಾಯ ಮಾತ್ರ ಪ್ರಿಂಟ್ ತೆಗೆದುಕೊಂಡರೂ ತಪ್ಪಿಲ್ಲ, ಪುಸ್ತಕದ ಲೈಸೆನ್ಸೇ ಅದಕ್ಕೆ ಅವಕಾಶ ಕೊಟ್ಟಿದೆ.

ಆದರೆ ಮೊದಲು ಪ್ರೊಫೆಸರ್‌ಗೆ ಒಂದು ಮೇಲ್ ಹಾಕಲು ಹೇಳಿ. ಹೋಮ್‌ವರ್ಕ್‌ಗೆ ಆನ್‌ಲೈನ್ ಕೋಡ್ (ಹೋಮ್‌ವರ್ಕ್ ಮಾಡುವ ವೆಬ್‌ಸೈಟಿಗೆ ಹೋಗಲು ದುಡ್ಡು ಕೊಟ್ಟು ಕೊಳ್ಳುವ ಕೋಡ್) ಬೇಕು ಅಂದರೆ ಪುಸ್ತಕ ಪುಕ್ಕಟೆ ಸಿಕ್ಕರೂ ದುಡ್ಡು ಹೋಗುತ್ತದೆ. ನನ್ನ ಮಗನಿಗೆ ಹಾಗೇ ಆಯಿತು, ಸೆಮಿಸ್ಟರ್ ಮುಗಿದ ಮೇಲೆ ಆ ಕೋಡನ್ನು ಹಳೇ ಪುಸ್ತಕದ ಹಾಗೆ ಮಾರುವುದಕ್ಕೂ ಬರಲಿಲ್ಲ!

ಮುಂದಿನ ಸಲ ಕ್ಲಾಸ್ ಆರಿಸುವಾಗ ವೇಳಾಪಟ್ಟಿ ಸರಿಯಾಗಿ ನೋಡಲಿ. ಪುಸ್ತಕದ ಖರ್ಚಿಲ್ಲದ ಕ್ಲಾಸಿಗೆ ಕಾಲೇಜಿನವರು ಅದರಲ್ಲಿ ಗುರುತು ಹಾಕಲೇಬೇಕು ಅಂತ 2018ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದೆ.