ಫ್ರಾನ್ಸಿನ ಲೆ ಮಾನ್ ಕಾರು ಓಟದಲ್ಲಿ ವೇಗದ ಕಾರಿಗೆ ತೂಕ ಹೇರುವುದು ಅನ್ಯಾಯವಲ್ಲವೇ?

ಅಲ್ಲ, ಅಳತೆ ಸರಿಯಾಗಿದ್ದರೆ. ಗೋಣಿಕೊಪ್ಪದ ಕಡೆ ಆಟೋಕ್ರಾಸ್ (ಮಣ್ಣಿನ ಹಾದಿಯ ಕಾರು ಓಟ) ನೋಡಿದವರಿಗೆ ಗೊತ್ತು: ಎಂಜಿನ್ನಿನ ಸಿಸಿ ನೋಡಿ ವಿಭಾಗ ಮಾಡುತ್ತಾರೆ, ಚಿಕ್ಕ ಕಾರು ಚಿಕ್ಕ ಕಾರಿನೊಡನೆಯೇ ಸೆಣಸುತ್ತದೆ. ಲೆ ಮಾನ್‌ನ ಹೈಪರ್‌ಕಾರ್ ಎಂಬ ಅತಿವೇಗದ ವಿಭಾಗದಲ್ಲಿ ಅದು ಸಾಧ್ಯವಿಲ್ಲ. ಕ್ಯಾಡಿಲಾಕ್‌ಗೆ 5.5 ಲೀಟರಿನ ವಿ8 ಎಂಜಿನ್. ಫೆರಾರಿಗೆ 3 ಲೀಟರಿನ ಟರ್ಬೊ ವಿ6, ಜೊತೆಗೆ ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟರ್. ಇವೆರಡೂ ಒಂದೇ ಟ್ರೋಫಿಗಾಗಿ ಓಡುತ್ತವೆ. ಹಾಗಾಗಿ ಸಂಘಟಕರು ಪ್ರತಿ ಮಾದರಿಗೂ ಕನಿಷ್ಠ ತೂಕ, ಗರಿಷ್ಠ ಶಕ್ತಿ, ಇಂಧನ, ಟಯರ್‌ಗಾಗಿ ನಿಲ್ಲುವ ಒಂದು ಪಿಟ್ ನಿಲುಗಡೆಯಿಂದ ಇನ್ನೊಂದರವರೆಗೆ ಬಳಸಬಹುದಾದ ಇಂಧನಶಕ್ತಿ ಇವನ್ನು ಬೇರೆಬೇರೆಯಾಗಿ ನಿಗದಿ ಮಾಡುತ್ತಾರೆ. ಚಕ್ರಕ್ಕೆ ಹೋಗುವ ಶಾಫ್ಟಿನಲ್ಲೇ ಅಳೆಯುವ ಸಂವೇದಕವಿರುವುದರಿಂದ ಶಕ್ತಿಯಲ್ಲಿ ಕಳ್ಳಾಟ ಕಷ್ಟ.

ತೂಕ ಹೆಚ್ಚಾದರೆ ತಿರುವಿನಲ್ಲೂ ಬ್ರೇಕಿನಲ್ಲೂ ಸಮಯ ಹೋಗುತ್ತದೆ, ಟಯರ್ ಬೇಗ ಸವೆಯುತ್ತದೆ. 24 ಗಂಟೆಗಳ ಓಟದಲ್ಲಿ ಅದು ಸಣ್ಣ ಹೊರೆಯಲ್ಲ.

2023ರಲ್ಲಿ ಓಟಕ್ಕೆ ಕೆಲವೇ ದಿನ ಮೊದಲು ಟೊಯೋಟಾಗೆ 37 ಕಿಲೋ, ಫೆರಾರಿಗೆ 24 ಕಿಲೋ ಸೇರಿಸಿದರು. ಫೆರಾರಿ ಗೆದ್ದಿತು. ಅಷ್ಟು ತಡವಾಗಿ ಬದಲಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ತಂಡಗಳ ಸಿದ್ಧತೆಗೆ ಬೆಲೆಯೇ ಇಲ್ಲದಂತಾಗುತ್ತದೆ. ಆದರೆ 2024ರಲ್ಲಿ ಒಂಬತ್ತು ಕಾರುಗಳು ಗೆದ್ದ ಕಾರಿನಷ್ಟೇ ಸುತ್ತು ಮುಗಿಸಿದವು, ಮೊದಲೆರಡರ ಅಂತರ ಬರೀ 14 ಸೆಕೆಂಡು. ಈ ಪದ್ಧತಿಯಿಲ್ಲದೆ ಅಂಥ ಪೈಪೋಟಿ ಕಾಣುವುದು ಕಷ್ಟ.

ಉಳಿದ ನಿಜವಾದ ತೊಂದರೆ ಒಂದೇ: ಹಗುರವಾದ ಮಿತಿ ಸಿಗಲೆಂದು ಮೊದಲಿನ ಓಟಗಳಲ್ಲಿ ವೇಗ ಬಚ್ಚಿಡುವ ತಂಡಗಳು.