ವರ್ಷಕ್ಕೊಮ್ಮೆ ಮನೆ ತಪಾಸಣೆ: ಶುರು ಮೇನ್ ಬೋರ್ಡಿನಿಂದ

ಪ್ರಶ್ನೆ: ಸ್ವಂತ ಮನೆಗೆ ಬಂದು ಒಂಬತ್ತು ವರ್ಷ ಆಯಿತು. ಬಣ್ಣ ಹೊಡೆಸಿದ್ದು ಬಿಟ್ಟರೆ ಬೇರೇನೂ ಮಾಡಿಸಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳಿದ್ದಾರೆ. ಸುರಕ್ಷತೆಗಾಗಿ ವರ್ಷಕ್ಕೊಮ್ಮೆ ಏನೇನು ನೋಡಬೇಕು ಸರ್? ಎಲ್ಲದಕ್ಕೂ ಕೆಲಸದವರನ್ನು ಕರೆಸಬೇಕಾ?

ಉತ್ತರ: ಬೇಡ. ಅರ್ಧಕ್ಕಿಂತ ಜಾಸ್ತಿ ಕೆಲಸ ನೀವೇ ಮಾಡಬಹುದು. ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ, ಸಾಕು.

ಮೊದಲು ಮೇನ್ ಬೋರ್ಡ್ ನೋಡಿ. ಕರೆಂಟ್ ಮಿತಿಮೀರಿ ಹರಿದಾಗ ತಾನಾಗಿ ಕೆಳಗೆ ಬೀಳುವ ಸ್ವಿಚ್‌ಗಳು ಸಾಲಾಗಿರುತ್ತವೆ, ಅವು ಎಂಸಿಬಿಗಳು. ಅವುಗಳ ಜೊತೆ, ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಪುಟ್ಟ ಗುಂಡಿ ಇರುವ, ಸ್ವಲ್ಪ ಅಗಲವಾದ ಸ್ವಿಚ್ ಇರಬೇಕು. ಅದು ಆರ್‌ಸಿಸಿಬಿ. ಎಂಸಿಬಿ ಕಾಪಾಡುವುದು ವೈರನ್ನು. ಶಾಕ್ ಹೊಡೆದಾಗ ಮನುಷ್ಯರನ್ನು ಕಾಪಾಡುವುದು ಇದು. ಸಾಮಾನ್ಯವಾಗಿ ಮನೆಗೆ ಹಾಕುವ ಆರ್‌ಸಿಸಿಬಿ, 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಕಂಪ್ಯೂಟರ್ ಆಫ್ ಮಾಡಿ ಆ ಗುಂಡಿ ಒತ್ತಿ. ಟಕ್ ಅಂತ ಬೀಳಬೇಕು. ಬೀಳಲಿಲ್ಲವಾ? ನಾಳೆಗೆ ಬಿಡಬೇಡಿ, ಬದಲಾಯಿಸಿಬಿಡಿ. ನಿಮ್ಮ ಬೋರ್ಡಿನಲ್ಲಿ ಅದು ಇಲ್ಲವೇ ಇಲ್ಲ ಅಂದರೆ ಬಣ್ಣದ ಖರ್ಚು ಮುಂದಕ್ಕೆ ಹಾಕಿ, ಮೊದಲು ಇದನ್ನು ಹಾಕಿಸಿ. ಮೂರು ತಿಂಗಳಿಗೊಮ್ಮೆ ಒತ್ತಿ ನೋಡಿದರೆ ಇನ್ನೂ ಒಳ್ಳೆಯದು. ಆದರೆ ಅರ್ಥಿಂಗ್ ಸರಿ ಇದೆಯಾ ಅನ್ನುವುದು ಈ ಗುಂಡಿಯಿಂದ ಗೊತ್ತಾಗುವುದಿಲ್ಲ. ಅದಕ್ಕೆ ಮೀಟರ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು.

ಆಮೇಲೆ ಗೀಸರ್, ವಾಷಿಂಗ್ ಮಷೀನ್, ಇಸ್ತ್ರಿಪೆಟ್ಟಿಗೆಯ ಪ್ಲಗ್ಗುಗಳು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಬೆಳಕಿಗೆ ಹಿಡಿದು ನೋಡಿ. ಒಂದು ಮನೆಯಲ್ಲಿ ಹೀಗೆ ಗೀಸರ್ ಪ್ಲಗ್ ಎಳೆದರೆ ಸುಲಭಕ್ಕೆ ಬರಲೇ ಇಲ್ಲ. ಬಂದಾಗ ಒಂದು ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕರಗಿ, ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸಾಕೆಟ್ಟಿನ ಒಳಗೆ ಒಂದು ಸ್ಕ್ರೂ ಸಡಿಲಾಗಿತ್ತು, ಅಷ್ಟೇ. ಸಡಿಲಾದ ಕಡೆ ಬಿಸಿ ಏರುತ್ತದೆ, ಬಿಸಿಗೆ ಸ್ಕ್ರೂ ಮತ್ತಷ್ಟು ಸಡಿಲಾಗುತ್ತದೆ. ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಹರಿಯುವ ಕರೆಂಟೇನೂ ಜಾಸ್ತಿ ಆಗಿರುವುದಿಲ್ಲ. ಪ್ಲಗ್ ಮುಟ್ಟಲಾಗದಷ್ಟು ಬಿಸಿ, ಕಂದು ಕಲೆ, ಸುಟ್ಟ ವಾಸನೆ – ಮೂರರಲ್ಲಿ ಒಂದು ಕಂಡರೂ ಬಳಸುವುದು ನಿಲ್ಲಿಸಿ. ಗೀಸರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಲೇಬೇಡಿ.

ಅಡುಗೆಮನೆಯಲ್ಲಿ ಗ್ಯಾಸ್ ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಅಥವಾ ಅದರ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಹೊಸದು ಹಾಕಿಸಿ. ಎರಡೂ ತುದಿಗೆ, ರೆಗ್ಯುಲೇಟರಿನ ಸುತ್ತ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಸೋರುತ್ತಿದೆ ಅಂತಲೇ ಲೆಕ್ಕ. ಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ಇವತ್ತೇ ಬಿಡಿಸಿ.

ಹೊಗೆ ಅಲಾರಂ ಇದ್ದರೆ ಹಿಂದೆ ಬರೆದಿರುವ ತಾರೀಖು ನೋಡಿ, 10 ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಮಳೆಗಾಲಕ್ಕೆ ಮುಂಚೆ ತಾರಸಿಯ ನೀರು ಹೋಗುವ ಬಾಯಿ ಚೊಕ್ಕ ಮಾಡಿ. ಬಾಲ್ಕನಿ ಕಂಬಿಯನ್ನೂ ಬಚ್ಚಲುಮನೆಯಲ್ಲಿ ಅತ್ತೆಯವರು ಹಿಡಿದು ಏಳುವ ಹಿಡಿಯನ್ನೂ ಗಟ್ಟಿಯಾಗಿ ಅಲ್ಲಾಡಿಸಿ ನೋಡಿ. ಸುಮ್ನೆ ಕಣ್ಣಲ್ಲಿ ನೋಡಿದರೆ ತುಕ್ಕು ತಿಂದ ಬುಡ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ಚಳಿಗೆ ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡಿದರೆ ಮಗಳಿಗೆ ತಲೆ ಸುತ್ತುತ್ತದೆ. ಸರ್ವಿಸ್ ಮಾಡಿಸಿದರೆ ಸಾಕಾ?

ಉತ್ತರ: ಸಾಲದು. ಇವತ್ತಿನಿಂದಲೇ ಅದನ್ನು ಹಚ್ಚಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಅದು ಹಿಡಿದುಕೊಳ್ಳುತ್ತದೆ. ತಲೆ ಸುತ್ತು, ತಲೆನೋವು, ವಾಕರಿಕೆ ಅದರ ಮೊದಲ ಗುರುತುಗಳು. ಮುಂದಿನದು ಪ್ರಜ್ಞೆ ತಪ್ಪುವುದು. ಬಾಗಿಲ ಚಿಲಕ ಒಳಗಿನಿಂದ ಹಾಕಿರುತ್ತದೆ ಅಲ್ವಾ, ಹೊರಗಿನವರಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಮಗಳನ್ನು ಡಾಕ್ಟರಿಗೆ ತೋರಿಸಿ, ಗ್ಯಾಸ್ ಗೀಸರಿನ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಗೀಸರನ್ನು ಬಚ್ಚಲುಮನೆಯಿಂದ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅಲ್ಲಿಯವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.